ಅರ್ಧ ದಿನಕ್ಕೆ ಒಂದು ದ್ವೀಪ

ಗೈಡ್ ಹಿಂದೆ ಸಾಲುಗಟ್ಟಿ ನಡೆಯುವ ಪ್ರವಾಸಿಗಳನ್ನು ಕಂಡರೆ ನಮ್ಮ ಪ್ರವಾಸಪಂಡಿತರಿಗೆ ತಾತ್ಸಾರ. ಊರನ್ನು ಕಾಲ್ನಡಿಗೆಯಲ್ಲೇ ನೋಡಬೇಕು, ಬೇಕೆಂದೇ ದಾರಿ ತಪ್ಪಬೇಕು, ಯಾರದೋ ಜಗಲಿಯಲ್ಲಿ ಕೂತು ಚಹಾ ಕುಡಿಯಬೇಕು, ಸಾಧ್ಯವಾದರೆ ತಿಂಗಳುಗಟ್ಟಲೆ ಅಲ್ಲೇ ಬೀಡುಬಿಡಬೇಕು ಎಂದು ಅವರು ಬರೆಯುತ್ತಾರೆ. ಬಹಳ ಸಂತೋಷ. ರಜೆ ಮಂಜೂರು ಮಾಡುವವರು ಯಾರು? ನಾನು ಮೈಸೂರಿನವನು. ಬೆಂಗಳೂರಿನಿಂದ ಬೆಳ್ಳಂಬೆಳಿಗ್ಗೆ ಹೊರಟು ಶ್ರೀರಂಗಪಟ್ಟಣ, ಚಾಮುಂಡಿಬೆಟ್ಟ, ಮೃಗಾಲಯ, ಅರಮನೆ, ಫಿಲೋಮಿನಾ ಚರ್ಚು ಎಲ್ಲವನ್ನೂ ಮುಗಿಸಿ, ಸಂಜೆಗೆ ಬೃಂದಾವನದ ಕಾರಂಜಿಯ ಮುಂದೆ ಜನರನ್ನು ಇಳಿಸುವ ಒಂದು ದಿನದ ಪ್ರವಾಸದ ಬಸ್ಸುಗಳನ್ನು ನೋಡುತ್ತಲೇ ಬೆಳೆದವನು. "ನಲವತ್ತು ನಿಮಿಷ, ನಲವತ್ತೇ ನಿಮಿಷ!" ಎಂದು ಅರಮನೆಯ ಬಾಗಿಲಲ್ಲಿ ಗೈಡ್ ಕೂಗುವುದನ್ನು ಕೇಳಿ ನಮ್ಮ ಬೀದಿಯವರು ನಗುತ್ತಿದ್ದರು. ಹಾಗೆ ನಕ್ಕವರಲ್ಲಿ ಅರ್ಧದಷ್ಟು ಜನ ಅರಮನೆಯ ಒಳಗೆ ಕಾಲಿಟ್ಟವರಲ್ಲ. ದಿನಾ ನೋಡಬಹುದಾದ್ದನ್ನು ಯಾರು ನೋಡುತ್ತಾರೆ? ನಲವತ್ತು ನಿಮಿಷದವರು ಅಂಬಾರಿಯನ್ನಾದರೂ ಕಂಡುಕೊಂಡು ಹೋಗುತ್ತಿದ್ದರು.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಬಹರೈನಿನಲ್ಲಿ ನಾನು 'ಹಾಫ್ ಡೇ ಸಿಟಿ ಟೂರ್' ಎಂಬ ಅಗ್ಗದ, ಅವಸರದ, ಪಂಡಿತರು ಮೂಗು ಮುರಿಯುವಂಥ ಪ್ರವಾಸ ಮಾಡಿ ಬಂದಿದ್ದೇನೆ. ಅದರ ಪರವಾಗಿ ನಾಲ್ಕು ಮಾತು ಹೇಳಬೇಕಾಗಿದೆ.

ಇಂಥ ಪ್ರವಾಸಕ್ಕೆ ಬಹರೈನಿನಷ್ಟು ಒಪ್ಪುವ ದೇಶ ನನಗೆ ಗೊತ್ತಿಲ್ಲ. ದ್ವೀಪಗಳೆಲ್ಲ ಸೇರಿ ಸುಮಾರು 780 ಚದರ ಕಿಲೋಮೀಟರು; ಹೆಚ್ಚೂಕಡಿಮೆ ಬೆಂಗಳೂರು ಮಹಾನಗರದ ಹರವು. ಮುಖ್ಯ ದ್ವೀಪ ಉತ್ತರದಿಂದ ದಕ್ಷಿಣಕ್ಕೆ ಐವತ್ತು ಕಿಲೋಮೀಟರಿಗೆ ಮುಗಿದುಹೋಗುತ್ತದೆ. ಬೆಂಗಳೂರಿನಲ್ಲಿ ಅರ್ಧ ದಿನ ಕೊಟ್ಟರೆ ಸಿಲ್ಕ್ ಬೋರ್ಡ್ ದಾಟಬಹುದು. ಇಲ್ಲಿ ಅಷ್ಟೇ ಹೊತ್ತಿನಲ್ಲಿ ನಾಲ್ಕು ಸಾವಿರ ವರ್ಷ ದಾಟಿಸುತ್ತಾರೆ.

ಅಕ್ಕ-ಭಾವ ಅಲ್ಲಿರುವುದು ಬಹಳ ಕಾಲದಿಂದ. ಭಾವ ಕುಂದಾಪುರದ ಕಡೆಯವರು. ಗಲ್ಫಿನಲ್ಲಿ ನೆಲೆಸಿದ ನಮ್ಮವರಿಗೆ ತಾವಿರುವ ಊರಿನ ಬಗ್ಗೆ ಇರುವ ಜ್ಞಾನ ಒಂದು ವಿಶೇಷ ಜಾತಿಯದು. ಇವತ್ತು ಒಂದು ದಿನಾರಿಗೆ ಎಷ್ಟು ರೂಪಾಯಿ, ಯಾವ ಎಕ್ಸ್‌ಚೇಂಜಿನಲ್ಲಿ ಹತ್ತು ಪೈಸೆ ಜಾಸ್ತಿ, ಬಂಗುಡೆ ಯಾವ ಮಾರುಕಟ್ಟೆಗೆ ಯಾವಾಗ ಬರುತ್ತದೆ, ಕುಚ್ಚಲಕ್ಕಿ ಎಲ್ಲಿ ಸಿಗುತ್ತದೆ, ಮಂಗಳೂರು ವಿಮಾನದ ಟಿಕೆಟ್ಟು ಯಾವ ತಿಂಗಳಲ್ಲಿ ಇಳಿಯುತ್ತದೆ, ಎಲ್ಲವೂ ಬಾಯಿಪಾಠ. ಬೀದಿ ಮೂಲೆಯ ಅಂಗಡಿಗೆ ಅಲ್ಲಿ 'ಕೋಲ್ಡ್ ಸ್ಟೋರ್' ಎನ್ನುತ್ತಾರೆ. ಆ ಕೋಲ್ಡ್ ಸ್ಟೋರಿನ ಹುಡುಗನ ಅಣ್ಣನ ಮದುವೆ ಎಲ್ಲಿ ನಿಂತುಹೋಯಿತು ಎಂಬುದೂ ಗೊತ್ತು. ಕನ್ನಡ ಸಂಘದಲ್ಲಿ ಯಕ್ಷಗಾನವಿದ್ದರೆ ಮುಂದಿನ ಸಾಲಿನಲ್ಲೇ ಇರುತ್ತಾರೆ. ಆದರೆ ಕೋಟೆ ನೋಡಿದ್ದೀರಾ ಎಂದು ಕೇಳಿ.

"ಕೋಟೆಯಾ? ಹೊರಗಿನಿಂದ ಕಂಡಿದ್ದೇನೆ ಮಾರಾಯ. ಹೈವೇಯಲ್ಲಿ ಬೋರ್ಡ್ ಉಂಟಲ್ಲ."

ಊರಿನಿಂದ ಯಾರಾದರೂ ಬಂದರೆ ಮಾಲ್, ಚಿನ್ನದಂಗಡಿ, ಸೌದಿಗೆ ಹೋಗುವ ಕಿಂಗ್ ಫಹದ್ ಸೇತುವೆ; ಭಾವನ ಪ್ರವಾಸಪಟ್ಟಿ ಅಷ್ಟಕ್ಕೆ ಮುಗಿಯುತ್ತಿತ್ತು. ಸೇತುವೆಯೇನೂ ಕಡಿಮೆಯದಲ್ಲ. 1986ರಲ್ಲಿ ತೆರೆದ, ಸಮುದ್ರದ ಮೇಲೆ ಇಪ್ಪತ್ತೈದು ಕಿಲೋಮೀಟರು ಓಡುವ ದಾರಿ. ಅದರ ನಡುವಿನವರೆಗೆ ಹೋಗಿ ಹಿಂದಿರುಗಿ ಬರುವುದನ್ನು ಭಾವ 'ತಿರುಗಾಟ' ಎಂದು ಕರೆಯುತ್ತಿದ್ದರು. ಹೀಗಾಗಿ ನಾನು ಟೂರಿಗೆ ದುಡ್ಡು ಕಟ್ಟುತ್ತೇನೆಂದಾಗ ಅವರಿಗೆ ಅವಮಾನವಾಯಿತು. "ನಾನಿರುವಾಗ ಗೈಡ್ ಎಂತಕ್ಕೆ?" ಎಂದರು. ಅಕ್ಕ ಒಳಗಿನಿಂದಲೇ, "ನೀವೂ ಹೋಗಿಬನ್ನಿ, ನಿಮಗೂ ಹೊಸತೇ" ಎಂದಳು. ಅಲ್ಲಿಗೆ ವ್ಯಾನಿನಲ್ಲಿ ಎರಡು ಸೀಟಾಯಿತು.

ಜನವರಿ ತಿಂಗಳು, ಗಾಳಿ ತಂಪು. ಬೇಸಿಗೆಯಲ್ಲಾದರೆ ನಲವತ್ತು ಡಿಗ್ರಿ ದಾಟುವ ಸೆಕೆ, ಅದರ ಮೇಲೆ ಸಮುದ್ರದ ತೇವ; ಕಾರಿನಿಂದ ಇಳಿದ ಕ್ಷಣವೇ ಕನ್ನಡಕ ಮಂಜಾಗುತ್ತದೆ. ಆ ಕಾಲದಲ್ಲಿ ಅರ್ಧ ದಿನವಲ್ಲ, ಅರ್ಧ ಗಂಟೆಯ ಪ್ರವಾಸವೂ ಬೇಡ. ವ್ಯಾನಿನಲ್ಲಿದ್ದವರು ಹೆಚ್ಚಾಗಿ ಕ್ರೂಸ್ ಹಡಗಿನಿಂದ ಇಳಿದ ಹಿರಿಯ ಬ್ರಿಟಿಷರು. ಹಡಗು ಸಂಜೆಗೆ ಹೊರಡುತ್ತದೆ, ಅಷ್ಟರಲ್ಲಿ ದೇಶ ನೋಡಿ ಮುಗಿಸಬೇಕು. ಅವರಲ್ಲೊಬ್ಬರು ಎಲ್ಲಿ ಇಳಿದರೂ ಮೊದಲು ಶೌಚಾಲಯ ಎಲ್ಲಿದೆಯೆಂದು ವಿಚಾರಿಸಿಕೊಂಡು, ಆಮೇಲೆ ಇತಿಹಾಸಕ್ಕೆ ಕಿವಿಗೊಡುತ್ತಿದ್ದರು. ಅನುಭವಸ್ಥರು.

ಗೈಡ್ ಬಹರೈನಿಯೇ; ಬಿಳಿ ತೋಬು, ಕೆಂಪು ಚೌಕಳಿಯ ತಲೆವಸ್ತ್ರ, ನಡುವಯಸ್ಸು. ನಮ್ಮಿಬ್ಬರನ್ನು ನೋಡಿದ ಕೂಡಲೇ "ಕೇರಳ?" ಎಂದು ಕೇಳಿದ. ಗಲ್ಫಿನಲ್ಲಿ ವಿಂಧ್ಯದ ದಕ್ಷಿಣಕ್ಕಿರುವವರೆಲ್ಲರೂ ಮೊದಲು ಕೇರಳದವರು, ತಿದ್ದಿದ ಮೇಲೆ ಉಳಿದವರು. ಭಾವ "ಮಂಗಳೂರು" ಎಂದು ತಿದ್ದಿದರು. ಕುಂದಾಪುರದವರು ಕುಂದಾಪುರವನ್ನು ಬಿಟ್ಟುಕೊಡುವುದು ಪರದೇಶದಲ್ಲಿ ಮಾತ್ರ. ಆಮೇಲೆ ಆತ ಬ್ರಿಟಿಷರಿಗೆ ಇಂಗ್ಲಿಷಿನಲ್ಲಿ ಇತಿಹಾಸ, ನಮಗೆ ಹಿಂದಿಯಲ್ಲಿ ಹಾಸ್ಯ ಎಂದು ಭಾಗ ಮಾಡಿಕೊಂಡ.

ಮೊದಲ ನಿಲುಗಡೆ ಅಲ್ ಫತೇಹ್ ಮಸೀದಿ. ಏಳು ಸಾವಿರ ಜನ ಒಟ್ಟಿಗೆ ನಮಾಜು ಮಾಡಬಹುದಾದ ಜಾಗ. ಶುಕ್ರವಾರ ಬಿಟ್ಟು ಉಳಿದ ದಿನ, ನಮಾಜಿನ ಹೊತ್ತು ತಪ್ಪಿಸಿ ಯಾವ ಧರ್ಮದವರೂ ಒಳಗೆ ಹೋಗಬಹುದು. ಚಪ್ಪಲಿ ಬಿಡಬೇಕು, ಹೆಂಗಸರಿಗೆ ತಲೆಯಿಂದ ಕಾಲಿನವರೆಗಿನ ಕಪ್ಪು ಅಬಾಯವನ್ನು ಅಲ್ಲೇ ಕೊಡುತ್ತಾರೆ. ಹಡಗಿನ ಅಜ್ಜಿಯರು ಅಬಾಯ ತೊಟ್ಟು ಫೋಟೋ ತೆಗೆಸಿಕೊಳ್ಳುವುದರಲ್ಲಿ ನಿಗದಿಯಾದ ಸಮಯದ ಅರ್ಧ ಹೋಯಿತು. ತಲೆಯ ಮೇಲಿನ ದೊಡ್ಡ ಗುಮ್ಮಟ ಅರವತ್ತು ಟನ್ನಿಗೂ ಹೆಚ್ಚು ತೂಕದ ಫೈಬರ್‌ಗ್ಲಾಸಂತೆ! ಕಲ್ಲೂ ಅಲ್ಲ, ಕಾಂಕ್ರೀಟೂ ಅಲ್ಲ. ನೆಲದ ಅಮೃತಶಿಲೆ ಇಟಲಿಯದು, ನಡುವೆ ತೂಗುವ ದೀಪಗೊಂಚಲು ಆಸ್ಟ್ರಿಯಾದ್ದು, ಬಾಗಿಲುಗಳು ಇಂಡಿಯಾದ ತೇಗ. ಎಲ್ಲರೂ ಗೊಂಚಲಿನ ಕೆಳಗೆ ಕತ್ತೆತ್ತಿ ನಿಂತಿರುವಾಗ ಭಾವ ಕಾಣಿಸಲಿಲ್ಲ. ಹುಡುಕಿದರೆ ಬಾಗಿಲಿನ ಬಳಿ ನಿಂತು, ಮರವನ್ನು ಬೆರಳ ಗಂಟಿನಿಂದ ತಟ್ಟಿ ನೋಡುತ್ತಿದ್ದರು. "ಒಳ್ಳೆ ಮರ. ಊರಿನ ಮನೆಗೆ ಇಂಥದ್ದು ಸಿಗಲಿಲ್ಲ" ಎಂದರು. ಊರಿನಲ್ಲಿ ಅವರು ಕಟ್ಟಿಸಿದ ಮನೆಗೆ ಬೀಗ ಹಾಕಿದೆ. ಮಳೆಗಾಲದಲ್ಲಿ ಬಾಗಿಲು ಉಬ್ಬುತ್ತದೆ. ಆ ಕಥೆ ವ್ಯಾನ್ ಹತ್ತುವವರೆಗೂ ನಡೆಯಿತು.

ಮುಂದೆ ಬಾಬ್ ಅಲ್ ಬಹರೈನ್, ಅಂದರೆ ಮನಾಮಾ ಪೇಟೆಯ ಹೆಬ್ಬಾಗಿಲು. 1949ರಲ್ಲಿ ಕಟ್ಟಿದ್ದು. ಆಗ ಎದುರಿಗೇ ಸಮುದ್ರ. ದೋಣಿಯಿಂದ ಇಳಿದವರು ನೇರ ಬಾಗಿಲಿಗೆ ಬರುತ್ತಿದ್ದರು. ಈಗ ಬಾಗಿಲಿನ ಮುಂದೆ ರಸ್ತೆ, ರಸ್ತೆಯಾಚೆ ಗಾಜಿನ ಕಟ್ಟಡಗಳು. ಸಮುದ್ರವನ್ನು ಮಣ್ಣು ಹಾಕಿ ಹಿಂದಕ್ಕೆ ತಳ್ಳಿದ್ದಾರೆ. ಬಹರೈನ್ ಹೀಗೆ ಒಂದೇ ಸಮನೆ ಬೆಳೆಯುತ್ತಿರುವ ದೇಶ. ಯುದ್ಧವಿಲ್ಲ, ಒಪ್ಪಂದವಿಲ್ಲ, ಹೂಳೆತ್ತುವ ಹಡಗು ತಂದರಾಯಿತು. ನಾವು ಆಗಷ್ಟೇ ನೋಡಿಬಂದ ಮಸೀದಿ ನಿಂತಿರುವುದೂ ಒಂದು ಕಾಲದ ಸಮುದ್ರದ ಮೇಲೆಯೇ.

ಬಾಗಿಲನ್ನು ಕಟ್ಟಿಸಿದ ಚಾರ್ಲ್ಸ್ ಬೆಲ್‌ಗ್ರೇವ್‌ನದು ಒಂದು ಕಥೆ. 1925ರಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆಯಲ್ಲಿ ಪೂರ್ವದ ಸಂಸ್ಥಾನವೊಂದರ ಕೆಲಸಕ್ಕೆ ಯುವಕ ಬೇಕಾಗಿದ್ದಾನೆ ಎಂಬ ಪುಟ್ಟ ಜಾಹೀರಾತು ಬಂತು. ಈತ ಅರ್ಜಿ ಹಾಕಿದ. ಮರುವರ್ಷ ಬಂದು ಇಳಿದವನು 1957ರವರೆಗೂ ಇಲ್ಲಿನ ಶೇಖರಿಗೆ ಸಲಹೆಗಾರ. ಪೊಲೀಸು, ಕೋರ್ಟು, ಬೊಕ್ಕಸ ಎಲ್ಲಕ್ಕೂ ಅವನ ಕೈ ತಾಗುತ್ತಿತ್ತು. ಕಡೆಗೆ ಅವನು ಹೋಗಬೇಕೆಂದು ಜನ ಬೀದಿಗೆ ಇಳಿದರು. ಗಲ್ಫ್ ಕೆಲಸದ ಪೇಪರ್ ಜಾಹೀರಾತು ನೋಡಿ, ಪಾಸ್‌ಪೋರ್ಟ್ ಸೈಜಿನ ಫೋಟೋ ಅಂಟಿಸಿ ಅರ್ಜಿ ಹಾಕಿದ ಲಕ್ಷಾಂತರ ಜನರಿಗೆ ಈತನೇ ಮೂಲಪುರುಷ ಎಂದು ನನಗನ್ನಿಸುತ್ತದೆ. ಭಾವನೂ ಬಂದದ್ದು ಪೇಪರ್ ಜಾಹೀರಾತಿನಿಂದಲೇ. "ಅವನಿಗೆ ಸಂಬಳ ಎಷ್ಟಂತೆ?" ಎಂದು ಕೇಳಿದರು. ಗೈಡ್ ಆ ವಿಷಯವನ್ನು ಓದಿಕೊಂಡಿರಲಿಲ್ಲ.

ಬಾಗಿಲಿನ ಹಿಂದೆ ಸೂಕ್, ಅಂದರೆ ಪೇಟೆ. ಇಪ್ಪತ್ತು ನಿಮಿಷ ಕೊಟ್ಟರು. ಕೇಸರಿ, ಒಣ ನಿಂಬೆ, ಖರ್ಜೂರ, ಚೀನಾದಲ್ಲಿ ಮಾಡಿದ ಅಲ್ಲಾದೀನನ ದೀಪ. ಗಲ್ಲಿಯ ಒಳಗೆ ಹೋದರೆ ಇನ್ನೂರು ವರ್ಷ ಹಳೆಯ ಶ್ರೀನಾಥಜಿ ಮಂದಿರ. ಸಿಂಧ್‌ನ ಠಟ್ಟಾದಿಂದ ಬಂದ ವರ್ತಕರು ಕಟ್ಟಿದ್ದು. ಹೂವಿನ ಅಂಗಡಿ, ಅಗರಬತ್ತಿ, ಜಿಲೇಬಿ ಬಾಣಲೆ, ಎಲ್ಲವೂ ಇದೆ. ಆದರೆ ನನಗೆ ರುಚಿಸಿದ್ದು ಒಂದು ಚಿಲ್ಲರೆ ವಿಷಯ. ನಿಜವಾಗಿಯೂ ಚಿಲ್ಲರೆಯದೇ. ಒಂದು ದಿನಾರಿಗೆ ಸಾವಿರ ಫಿಲ್ಸು. ಆದರೆ ಅಂಗಡಿಯ ಮುದುಕ ನೂರು ಫಿಲ್ಸಿನ ನಾಣ್ಯವನ್ನು 'ರುಬಿಯ್ಯಾ' ಎಂದ. ಒಂದು ಕಾಲದಲ್ಲಿ ಇಂಡಿಯಾದ ರೂಪಾಯಿಯೇ ಇಲ್ಲಿನ ಹಣವಾಗಿತ್ತು. ಇಲ್ಲಿ ಚಲಾವಣೆಯಾದ ರೂಪಾಯಿ ಚಿನ್ನದ ಕಳ್ಳಸಾಗಣೆಯ ಮೂಲಕ ತಿರುಗಿಬಂದು ನಮ್ಮ ವಿದೇಶಿ ವಿನಿಮಯ ಸೋರತೊಡಗಿದಾಗ, 1959ರಲ್ಲಿ ಭಾರತ ಗಲ್ಫಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿತು. 1965ರಲ್ಲಿ ಬಹರೈನ್ ತನ್ನದೇ ದಿನಾರು ತಂದು, ಹತ್ತು ರೂಪಾಯಿಗೆ ಒಂದು ದಿನಾರು ಎಂದು ಬದಲಾಯಿಸಿಕೊಟ್ಟಿತು. ಹಾಗಾಗಿ ದಿನಾರಿನ ಹತ್ತನೇ ಒಂದು ಭಾಗ ಇಂದಿಗೂ ಹಳಬರ ಬಾಯಲ್ಲಿ ರೂಪಾಯಿ. ಈಗ ಒಂದು ದಿನಾರಿಗೆ ನಮ್ಮ ಇನ್ನೂರಕ್ಕೂ ಹೆಚ್ಚು ರೂಪಾಯಿ. "ಆಗಲೇ ಬರಬೇಕಿತ್ತು" ಎಂದರು ಭಾವ. ಆಗ ಬಂದಿದ್ದರೆ ಊರಿಗೆ ಹತ್ತೇ ರೂಪಾಯಿ ಹೋಗುತ್ತಿತ್ತಲ್ಲ ಎಂದೆ. ಲೆಕ್ಕ ಹಾಕಿ ಸುಮ್ಮನಾದರು.

ಕೋಟೆಗೆ ಬಂದಾಗ ಹತ್ತೂವರೆ. ಕೆಲವು ಪ್ರವಾಸಗಳಲ್ಲಿ ಉಳಿದದ್ದೆಲ್ಲ ಒಂದೇ ಜಾಗಕ್ಕೆ ನೆಪವಾಗಿರುತ್ತದೆ. ಇಲ್ಲಿ ಆ ಜಾಗ ಕಲಾತ್ ಅಲ್ ಬಹರೈನ್. ಖರ್ಜೂರದ ತೋಟಗಳು ಮುಗಿಯುವಲ್ಲಿ, ಸಮುದ್ರದ ಅಂಚಿನಲ್ಲಿ, ಕಂದುಬಣ್ಣದ ಬುರುಜು. ಕಣ್ಣಿಗೆ ಕಾಣುವುದು ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಹಿಗ್ಗಿಸಿ ಬಲಪಡಿಸಿದ ಕೋಟೆ. ಅವರು ಈ ದ್ವೀಪವನ್ನು ಹಿಡಿದದ್ದು 1521ರಲ್ಲಿ, ಬಿಟ್ಟು ಓಡಿದ್ದು 1602ರಲ್ಲಿ. ಅದೇ ಕಾಲದಲ್ಲಿ ಅದೇ ಜನ ನಮ್ಮ ಕರಾವಳಿಯಲ್ಲಿ ಉಳ್ಳಾಲದ ಅಬ್ಬಕ್ಕನ ಕೈಯಲ್ಲಿ ಪೆಟ್ಟು ತಿನ್ನುತ್ತಿದ್ದರು. ಇದನ್ನು ಭಾವ ಗೈಡ್‌ಗೆ ಹಿಂದಿಯಲ್ಲಿ ವಿವರಿಸಿದರು, ಆತ ಬ್ರಿಟಿಷರಿಗೆ ಇಂಗ್ಲಿಷಿನಲ್ಲಿ ದಾಟಿಸಿದ. ಹಡಗಿನವರು ತಲೆಯಾಡಿಸಿದರು. ಪೋರ್ಚುಗೀಸರನ್ನು ಬೈಯುವಾಗ ಬ್ರಿಟಿಷರಿಗೆ ಒಂದು ನೆಮ್ಮದಿ.

ಕೋಟೆ ನಿಂತಿರುವ ದಿಬ್ಬವಿದೆಯಲ್ಲ, ಅದು ಪ್ರಕೃತಿಯದಲ್ಲ. ಊರಿನ ಮೇಲೆ ಊರು, ಅದರ ಮೇಲೆ ಇನ್ನೊಂದು ಊರು, ಹಳೆಯ ಮನೆಯ ಗೋಡೆಗೆ ವರ್ಷವರ್ಷ ಬಳಿದ ಸುಣ್ಣ ದಪ್ಪಗಟ್ಟಿದ ಹಾಗೆ ಏರುತ್ತ ಬಂದು ದಿಬ್ಬವಾಗಿದೆ. ತಳದ ಪದರ ಕ್ರಿಸ್ತಪೂರ್ವ 2300ರ ಸುಮಾರಿನದು. ಸುಮೇರಿನ ಜೇಡಿ ಹಲಗೆಗಳಲ್ಲಿ ದಿಲ್ಮುನ್ ಎಂಬ ನಾಡಿನ ಹೆಸರು ಮತ್ತೆಮತ್ತೆ ಬರುತ್ತದೆ: ರೋಗವಿಲ್ಲದ, ಮುಪ್ಪಿಲ್ಲದ, ಸಿಹಿನೀರಿನ ಪುಣ್ಯಭೂಮಿ, ಜೊತೆಗೆ ತಾಮ್ರದ ದೊಡ್ಡ ಮಂಡಿ. ಅದು ಎಲ್ಲಿತ್ತು ಎಂಬುದಕ್ಕೆ 1953ರಲ್ಲಿ ಬಂದು ಅಗೆಯತೊಡಗಿದ ಡೆನ್ಮಾರ್ಕಿನ ತಂಡ ಮಣ್ಣಿನಿಂದಲೇ ಉತ್ತರ ಎತ್ತಿಕೊಟ್ಟಿತು. ಮುಂದಾಳು ಪಿ.ವಿ. ಗ್ಲೋಬ್, ಜೊತೆಗೆ ಜೆಫ್ರಿ ಬಿಬಿ ಎಂಬ ಇಂಗ್ಲಿಷಿನವನು. ಬಿಬಿ ಮೊದಲು ಇದೇ ದ್ವೀಪದಲ್ಲಿ ತೈಲ ಕಂಪನಿಯ ನೌಕರ. ಎಣ್ಣೆಗೆಂದು ಬಂದವನ ಕಣ್ಣು ಮರಳುಗಾಡಿನ ತುಂಬ ಎದ್ದಿದ್ದ ಸಾವಿರಾರು ಗೋರಿದಿಬ್ಬಗಳ ಮೇಲೆ ಬಿತ್ತು. ಗಲ್ಫಿಗೆ ಹೋದವರೆಲ್ಲ ದುಡ್ಡನ್ನೇ ಅಗೆಯುವುದಿಲ್ಲ ಎನ್ನುವುದಕ್ಕೆ ಒಂದು ಸಾಕ್ಷಿ ಸಿಕ್ಕಿತು ಎಂದು ಭಾವನ ಕಡೆ ನೋಡಿದೆ. ಅವರು ಸಮುದ್ರದ ಕಡೆ ನೋಡಿದರು.

ಇಲ್ಲಿ ಸಿಕ್ಕ ತೂಕದ ಕಲ್ಲುಗಳು ಹರಪ್ಪ, ಮೊಹೆಂಜೊದಾರೊಗಳ ತೂಕಕ್ಕೆ ಸರಿಯಾಗಿ ಹೊಂದಿದವು. ಅಂದರೆ ದಿಲ್ಮುನ್‌ನ ವರ್ತಕ ತಕ್ಕಡಿ ಹಿಡಿಯುತ್ತಿದ್ದದ್ದು ಸಿಂಧೂ ಅಳತೆಯಲ್ಲಿ. ಇಲ್ಲಿಂದ ತಾಮ್ರ ಒಯ್ದು ಊರ್ ನಗರದಲ್ಲಿ ಮಾರುತ್ತಿದ್ದ ಏಯಾ-ನಾಸಿರ್ ಎಂಬ ವ್ಯಾಪಾರಿಯ ಮಾನವನ್ನಂತೂ ಇತಿಹಾಸ ಶಾಶ್ವತವಾಗಿ ಕಳೆದಿದೆ. ಕೊಟ್ಟ ತಾಮ್ರ ಕಳಪೆ, ದುಡ್ಡು ಕೇಳಲು ಕಳಿಸಿದ ಆಳಿಗೆ ಅವಮಾನ ಮಾಡಿದ್ದೀಯೆ ಎಂದು ನನ್ನಿ ಎಂಬ ಗಿರಾಕಿ ಸುಮಾರು ಕ್ರಿಸ್ತಪೂರ್ವ 1750ರಲ್ಲಿ ಜೇಡಿಮಣ್ಣಿನಲ್ಲಿ ಕೊರೆದು ಕಳಿಸಿದ ದೂರುಪತ್ರ ಇಂದಿಗೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ದೇವಸ್ಥಾನ ಕಟ್ಟಿಸಿದವರ, ಕೆರೆ ತೋಡಿಸಿದವರ ಹೆಸರುಗಳು ಅಳಿದಿವೆ. ಕಳಪೆ ಮಾಲು ಕೊಟ್ಟವನು ಉಳಿದಿದ್ದಾನೆ.

ಇಷ್ಟರವರೆಗೆ ಭಾವ ಅರೆಮನಸ್ಸಿನಲ್ಲಿದ್ದರು. ಅವರನ್ನು ಹಿಡಿದು ನಿಲ್ಲಿಸಿದ್ದು ಹಾವು. ಕೋಟೆಯ ಪಕ್ಕದ ಅಗೆತದಲ್ಲಿ ಒಂದು ದೊಡ್ಡ ಮನೆಯ ನೆಲಗಟ್ಟು ಸಿಕ್ಕಿದೆ. ಅದರ ನೆಲದಡಿಯಲ್ಲಿ ಅಲ್ಲಲ್ಲಿ ಮಣ್ಣಿನ ಬಟ್ಟಲುಗಳು. ಒಂದೊಂದರಲ್ಲೂ ಸುರುಳಿ ಸುತ್ತಿದ ಹಾವಿನ ಎಲುಬುಗಳು, ಕೆಲವದರಲ್ಲಿ ಜೊತೆಗೊಂದು ಮಣಿ, ಒಂದರಲ್ಲಿ ಮುತ್ತು. ಎರಡೂವರೆ ಸಾವಿರ ವರ್ಷದ ಹಿಂದೆ ಯಾರೋ ಹಾವನ್ನು ಬಟ್ಟಲಿನಲ್ಲಿಟ್ಟು, ತಾವು ಓಡಾಡುವ ನೆಲದ ಕೆಳಗೆ ಶ್ರದ್ಧೆಯಿಂದ ಹೂತಿದ್ದಾರೆ. ಬಿಬಿ ಇದನ್ನು ಗಿಲ್ಗಮೇಶನ ಕಥೆಗೆ ಜೋಡಿಸಿ ನೋಡಿದ. ಸಾವನ್ನು ಗೆಲ್ಲಲು ಹೊರಟ ರಾಜ ಗಿಲ್ಗಮೇಶ, ಕಾಲಿಗೆ ಭಾರದ ಕಲ್ಲು ಕಟ್ಟಿಕೊಂಡು ನೀರಿನ ತಳಕ್ಕೆ ಇಳಿದು ಯೌವನದ ಗಿಡವನ್ನು ಕಿತ್ತು ತರುತ್ತಾನೆ. ದಾರಿಯಲ್ಲಿ ಕೊಳದಲ್ಲಿ ಮೀಯುತ್ತಿರುವಾಗ ಹಾವು ಅದನ್ನು ತಿಂದು ಪೊರೆ ಕಳಚಿ ಹೋಗುತ್ತದೆ. ಕಾಲಿಗೆ ಕಲ್ಲು ಕಟ್ಟಿ ಮುಳುಗುವುದು ಈ ದ್ವೀಪದ ಮುತ್ತಿನವರ ಪದ್ಧತಿಯೇ. ಹಾಗಾದರೆ ಆ ಗಿಡ ಮುತ್ತೇ ಇರಬಹುದೇ ಎಂದು ಅವನ ಊಹೆ.

ಭಾವ ಆ ತಗ್ಗಿನ ಅಂಚಿನಲ್ಲಿ ನಿಂತೇಬಿಟ್ಟರು. ಕುಂದಾಪುರದವರಿಗೆ ನಾಗ ಹೊರಗಿನವನಲ್ಲ. ಮನೆಯ ಹಿಂದೆ ಬನ, ದಾರಿಯಲ್ಲಿ ಸತ್ತ ನಾಗರಹಾವು ಕಂಡರೆ ಅದಕ್ಕೆ ಸಂಸ್ಕಾರ, ಸೂತಕವೂ ಉಂಟು. "ಇದು ನಮ್ಮ ನಾಗನೇ ಮಾರಾಯ! ಇಲ್ಲಿಗೆ ನಮ್ಮವರೇ ಬಂದಿದ್ದಾರೆ" ಎಂದು ಘೋಷಿಸಿದರು. ಇದು ಅಪಾಯದ ಜಾಗ. ತೂಕದ ಕಲ್ಲು ಹೊಂದಿದ್ದು ನಿಜ, ಅದನ್ನು ತಕ್ಕಡಿಗೆ ಹಾಕಿ ನೋಡಿದ್ದಾರೆ. ಆದರೆ ಹಾವಿಗೆ ಹೆದರಿದವರೂ ಕೈಮುಗಿದವರೂ ಭೂಮಿಯ ಎಲ್ಲ ಮೂಲೆಯಲ್ಲೂ ಇದ್ದರು. ಅವರೆಲ್ಲ ಕುಂದಾಪುರದಿಂದ ಹೊರಟವರಲ್ಲ. ವಾಟ್ಸಾಪಿನಲ್ಲಿ ಬರುವ ಇತಿಹಾಸಕ್ಕೂ ಅಗೆದು ತೆಗೆದ ಇತಿಹಾಸಕ್ಕೂ ಇರುವ ವ್ಯತ್ಯಾಸವನ್ನು ನಾನು ವಿವರಿಸುವಷ್ಟರಲ್ಲಿ ಅವರು ಆ ತಗ್ಗಿನ ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿಯಾಗಿತ್ತು. ಎಂಟು ಜನ ಕೈಮುಗಿದಿದ್ದರು.

ಈಗ ಪ್ರವಾಸದ ಕಗ್ಗಂಟು. ಸಮಯ ಹನ್ನೊಂದೂವರೆ; ಒಂದು ಗಂಟೆಗೆ ವ್ಯಾನು ಹಿಂದಿರುಗಬೇಕು. ಗೈಡ್ ಎರಡು ಆಯ್ಕೆ ಮುಂದಿಟ್ಟ: ಮುಹರ್ರಕ್‌ನ ಮುತ್ತಿನ ಬೀದಿಗಳೋ, ದಕ್ಷಿಣದ ಮರುಭೂಮಿಯಲ್ಲಿರುವ 'ಜೀವವೃಕ್ಷ'ವೋ. ಎರಡೂ ಆಗದು. ಇಲ್ಲಿಯೇ ಅರ್ಧ ದಿನದ ಪ್ರವಾಸದ ಹೆಚ್ಚುಗಾರಿಕೆ ಇರುವುದು. ಪೂರ್ತಿ ದಿನವಿದ್ದರೆ ಎರಡನ್ನೂ ತೋರಿಸಿ, ಮೂರನೆಯದಕ್ಕೆ ಕರೆದೊಯ್ದು, ಕಾಲು ನೋಯಿಸಿ, ಕಡೆಗೆ ಯಾವುದು ಏನು ಎಂದು ಗೊತ್ತಾಗದಂತೆ ಮಾಡಿ ಮನೆಗೆ ಬಿಡುತ್ತಾರೆ. ಬಿಟ್ಟುಬಂದದ್ದು ಏನೆಂದು ಗೊತ್ತಿದ್ದರೆ ನೋಡಿದ್ದು ಜೀರ್ಣವಾಗುತ್ತದೆ. ಹಡಗಿನವರು ಮುಹರ್ರಕ್ ಎಂದರು, ಅಲ್ಲಿ ಹಲ್ವ ಸಿಗುತ್ತದೆ ಎಂಬ ಕಾರಣಕ್ಕೆ. ಬಹುಮತ.

ಮುಹರ್ರಕ್‌ನ ಓಣಿಗಳು ಎರಡು ಮೈ ತಾಗುವಷ್ಟು ಕಿರಿದು, ಬಿಸಿಲು ನೆಲಕ್ಕೆ ತಾಗದಂತೆ. ಸಮುದ್ರದಿಂದ ಕಡಿದು ತಂದ ಹವಳದ ಕಲ್ಲಿನ ಗೋಡೆ, ಸುಣ್ಣದ ಗಾರೆ. ಮೂರೂವರೆ ಕಿಲೋಮೀಟರಿನ ಈ 'ಮುತ್ತಿನ ದಾರಿ' 2012ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ; ಜೊತೆಗೆ ಕಡಲಿನ ಚಿಪ್ಪಿನ ಹಾಸುಗಳೂ. ಒಂದು ಹಳೆಯ ಮನೆಯಲ್ಲಿ ಗೈಡ್ ಮುತ್ತಿನವರ ಸಾಮಾನು ತೋರಿಸಿದ. ಮೂಗು ಮುಚ್ಚುವ ಚಿಮಟಿ, ಚಿಪ್ಪಿನ ಅಂಚು ಕೊಯ್ಯದಂತೆ ಬೆರಳಿಗೆ ಹಾಕುವ ಚರ್ಮದ ಟೊಪ್ಪಿಗಳು, ಕೊರಳಿಗೆ ತೂಗುಹಾಕುವ ಹಗ್ಗದ ಬುಟ್ಟಿ. ಇನ್ನೊಂದು ಪೆಟ್ಟಿಗೆಯಲ್ಲಿ ಒಂದರೊಳಗೊಂದು ಕೂರುವ ತಾಮ್ರದ ಜರಡಿಗಳು. ಮುತ್ತನ್ನು ಮೇಲಿನದಕ್ಕೆ ಸುರಿದು ಅಲುಗಿಸಿದರೆ ದೊಡ್ಡದು ಮೇಲೆ ನಿಲ್ಲುತ್ತದೆ, ಸಣ್ಣದು ಕೆಳಗಿಳಿಯುತ್ತ ತನ್ನ ದರ್ಜೆ ತಾನೇ ಕಂಡುಕೊಳ್ಳುತ್ತದೆ. ಕಡೆಯ ಜರಡಿಯ ತೂತು ಸಾಸಿವೆಕಾಳಿನಷ್ಟೂ ಇಲ್ಲ.

ಮುಳುಗುವವನಿಗೆ ಎರಡು ಹಗ್ಗ. ಒಂದು ಕಾಲಿನ ಕಲ್ಲಿಗೆ, ಇನ್ನೊಂದು ಅವನನ್ನೇ ಮೇಲೆಳೆಯಲು. ತಳ ಮುಟ್ಟಿದ ಕೂಡಲೇ ಕಲ್ಲು ಮೇಲಕ್ಕೆ ಹೋಗುತ್ತದೆ, ಅವನು ಒಂದೇ ಉಸಿರಿನಲ್ಲಿ ಕೈಗೆ ಸಿಕ್ಕಷ್ಟು ಚಿಪ್ಪು ಬಳಿದುಕೊಂಡು ಹಗ್ಗ ಜಗ್ಗುತ್ತಾನೆ. ದಿನವಿಡೀ ಇದೇ. ಹೊಟ್ಟೆಗೆ ಒಂದಿಷ್ಟು ಖರ್ಜೂರ, ಕಾಫಿ. ಊಟ ರಾತ್ರಿಗೆ ಮಾತ್ರ, ತುಂಬಿದ ಹೊಟ್ಟೆಯಲ್ಲಿ ಮುಳುಗಲಾಗದು. ಬೇಸಿಗೆಯ ನಾಲ್ಕು ತಿಂಗಳು ದೋಣಿಯ ಮೇಲೆಯೇ ವಾಸ. ಕುಡಿಯುವ ನೀರಿಗೂ ಮುಳುಗಬೇಕು: ಸಮುದ್ರದ ತಳದಲ್ಲಿ ಅಲ್ಲಲ್ಲಿ ಸಿಹಿನೀರಿನ ಬುಗ್ಗೆಗಳಿದ್ದವು, ಚರ್ಮದ ಚೀಲವನ್ನು ಅಲ್ಲಿಗೆ ಹಿಡಿದು ತುಂಬಿ ತರುತ್ತಿದ್ದರು. ಮೇಲೆ ಎಳೆಯುವವರ ತೋಳು ಸೋಲದಿರಲಿ ಎಂದು ಹಾಡಲು ದೋಣಿಯಲ್ಲಿ ಸಂಬಳದ ಹಾಡುಗಾರನೂ ಇರುತ್ತಿದ್ದ.

ಹೊರಡುವ ಮೊದಲು ನಾಖುದನಿಂದ, ಅಂದರೆ ದೋಣಿಯ ನಾಯಕನಿಂದ, ಮುಂಗಡ. ಸುಗ್ಗಿ ಕೆಟ್ಟರೆ ಮುಂಗಡ ಸಾಲವಾಗುತ್ತದೆ, ಸಾಲ ಮುಂದಿನ ಬೇಸಿಗೆಗೆ ಹೋಗುತ್ತದೆ, ಅಪ್ಪ ಸತ್ತರೆ ಮಗನಿಗೆ ಬರುತ್ತದೆ. 1920ರ ದಶಕದಲ್ಲಿ ಸುಧಾರಣೆ ತರುವವರೆಗೂ ಹೀಗೇ ನಡೆದಿತ್ತು. ಮುತ್ತೆಲ್ಲ ಮುಂಬೈ ಪೇಟೆಗೆ, ಅಲ್ಲಿಂದ ಪ್ಯಾರಿಸ್ಸಿಗೆ. 1912ರಲ್ಲಿ ಪ್ಯಾರಿಸ್ಸಿನ ಆಭರಣ ಮನೆತನದ ಜಾಕ್ ಕಾರ್ಟಿಯೇ ಸ್ವತಃ ಇಲ್ಲಿಗೆ ಬಂದು ಮುತ್ತಿನ ಶೇಖರ ಜೊತೆ ನೆಲದ ಮೇಲೆ ಕೂತು ಫೋಟೋ ತೆಗೆಸಿಕೊಂಡಿದ್ದಾನೆ. ಕೂತವರ ನಡುವೆ ಮುಳುಗಿದವರು ಯಾರೂ ಇಲ್ಲ.

ಗೈಡ್‌ನ ಅಜ್ಜ ಮುಂಬೈಗೆ ಮುತ್ತು ಒಯ್ಯುತ್ತಿದ್ದವರ ದೋಣಿಯಲ್ಲಿದ್ದನಂತೆ. ಅವನ ಹಿಂದಿಯ ಮೂಲ ಆಗ ಗೊತ್ತಾಯಿತು. ಇಲ್ಲಿ ಆತನ ಹಾಸ್ಯ ನಿಂತಿತು. ಬ್ರಿಟಿಷರು ಹಲ್ವದ ಅಂಗಡಿ ಎಲ್ಲಿದೆ ಎನ್ನುತ್ತಿದ್ದರು. ಆತ ಒಂದು ನಿಮಿಷ ಜಾಸ್ತಿಯೇ ಆ ಚಿಮಟಿಯ ಮುಂದೆ ನಿಂತಿದ್ದ. ಭಾವ ಅವನಿಗೆ, "ಈಗ ನಾವು ಬರ್ತೇವೆ, ಆಗ ನೀವು ಹೋಗ್ತಿದ್ರಿ" ಎಂದರು. ಅದಕ್ಕೆ ಆತ, "ಸಾಲ ಇಬ್ಬರಿಗೂ ಇತ್ತು" ಎಂದ.

ಹಲ್ವ ಚೆನ್ನಾಗಿತ್ತು. ಮೆಕ್ಕೆಜೋಳದ ಹಿಟ್ಟಿನ ಗಂಜಿ, ಸಕ್ಕರೆ, ಕೇಸರಿ, ಗುಲಾಬಿನೀರು, ಏಲಕ್ಕಿ. ಕೆಂಪಗೆ, ಅಂಟಂಟು, ಚಮಚದಲ್ಲಿ ಎತ್ತಿದರೆ ನಡುಗುತ್ತದೆ. ಜೊತೆಗೆ ಗಾವಾ, ಏಲಕ್ಕಿ ಹಾಕಿದ ಹಳದಿ ಬಣ್ಣದ ಕಾಫಿ. ಹಿಡಿಯಿಲ್ಲದ ಪುಟ್ಟ ಬಟ್ಟಲು, ಅದರ ತಳದಲ್ಲಿ ಎರಡು ಗುಟುಕು. ಕುಡಿದ ಕೂಡಲೇ ಮತ್ತೆ ಸುರಿಯುತ್ತಾರೆ. ಸಾಕು ಎನ್ನಲು ಬಾಯಿ ತೆರೆಯಬಾರದು, ಬಟ್ಟಲನ್ನು ಎಡಬಲಕ್ಕೆ ಸ್ವಲ್ಪ ಅಲುಗಿಸಿ ಕೊಡಬೇಕು. ಹಡಗಿನ ಒಬ್ಬರು ಅಜ್ಜಿ ಪ್ರತಿ ಸಲವೂ "ನೋ, ಥ್ಯಾಂಕ್ಯೂ" ಎನ್ನುತ್ತ ಪ್ರತಿ ಸಲವೂ ಕುಡಿದರು.

ವ್ಯಾನು ನಮ್ಮನ್ನು ಇಳಿಸಿದಾಗ ಒಂದೂಕಾಲು. ಅಲ್ಲಿಗೆ ಪ್ರವಾಸ ಮುಗಿಯಿತೆಂದು ನಾನು ತಿಳಿದೆ. ಭಾವನಿಗೆ ಮುಗಿದಿರಲಿಲ್ಲ. ಇಷ್ಟು ವರ್ಷ ಕಾಡದ ಜೀವವೃಕ್ಷ ಆ ರಾತ್ರಿ ಅವರನ್ನು ಕಾಡಿತು. ಶುಕ್ರವಾರ ರಜೆ; ಬೆಳಿಗ್ಗೆಯೇ ಕಾರು ತೆಗೆದರು, ಅಕ್ಕ ಹಿಂದಿನ ಸೀಟಿನಲ್ಲಿ ಚಿತ್ರಾನ್ನದ ಡಬ್ಬಿಯೊಂದಿಗೆ. ದಕ್ಷಿಣಕ್ಕೆ ಹೋದಷ್ಟೂ ಊರು ಕರಗಿ ಬರೀ ಕಲ್ಲುಮರಳು, ನೆಲದ ಮೇಲೆ ಅಡ್ಡಾದಿಡ್ಡಿ ಓಡುವ ಪೈಪುಗಳು, ತಲೆ ಎತ್ತಿ ತಗ್ಗಿಸುವ ಪಂಪುಗಳು. ಜಬಲ್ ದುಖಾನ್ ಎಂಬ ದಿಣ್ಣೆಯ ಬುಡದಲ್ಲಿ 1932ರಲ್ಲಿ ಎಣ್ಣೆ ಚಿಮ್ಮಿತು. ಗಲ್ಫಿನ ಈ ದಡದಲ್ಲಿ ಅದೇ ಮೊದಲು. ಜಪಾನಿನ ಮಿಕಿಮೊಟೊ ಸಾಕುಮುತ್ತು ಮಾಡಿ, ಜಗತ್ತಿನಲ್ಲಿ ಆರ್ಥಿಕ ಕುಸಿತವಾಗಿ, ಮುತ್ತಿನ ದೋಣಿಗಳು ದಡದ ಮೇಲೆ ಒಣಗುತ್ತಿದ್ದ ಸಮಯ. ಎಣ್ಣೆ ಹತ್ತು ವರ್ಷ ತಡವಾಗಿದ್ದರೆ ಇಲ್ಲಿನವರು ಕೆಲಸ ಹುಡುಕಿಕೊಂಡು ಎಲ್ಲಿಗೆ ಹೋಗುತ್ತಿದ್ದರೋ. ಮುಂಬೈಗೇ ಇರಬೇಕು.

ಮರ ಒಂಟಿಯಾಗಿ ನಿಂತಿದೆ. ಎತ್ತರ ಮೂವತ್ತಡಿ ದಾಟಿದರೆ ಹೆಚ್ಚು. ಆದರೆ ಕೊಂಬೆಗಳು ಸುತ್ತಲೂ ಬಾಗಿ ಮರಳಿಗೆ ಮೊಣಕೈ ಊರಿವೆ. ವಯಸ್ಸು ಸುಮಾರು ನಾನೂರು. ಸುತ್ತ ಕಣ್ಣಳತೆಯಲ್ಲಿ ಹನಿ ನೀರಿಲ್ಲ, ಬೇರು ಬಹಳ ಆಳಕ್ಕೆ ಹೋಗಿದೆ. ಹತ್ತಿರ ಹೋಗಿ ಎಲೆ ನೋಡಿದರೆ ಕಿರಿದಾದ ಗರಿಯಂಥ ಎಲೆ, ರೆಂಬೆಯಲ್ಲಿ ಸಣ್ಣ ಮುಳ್ಳು. ಮೈಸೂರಿನವನಿಗೆ ಯಾರೂ ಹೇಳಬೇಕಾಗಿಲ್ಲ. ದಸರೆಯ ಜಂಬೂಸವಾರಿ ಮುಗಿಯುವುದೇ ಬನ್ನಿಮಂಟಪದಲ್ಲಿ. ಪ್ರೊಸೋಪಿಸ್ ಸಿನರೇರಿಯಾ ಎಂದು ಸಸ್ಯಶಾಸ್ತ್ರದವರು ಕರೆಯುವ ಇದು ನಮ್ಮ ಬನ್ನಿ, ರಾಜಸ್ಥಾನದ ಖೇಜ್ರಿ, ಅರಬರ ಗಾಫ್. ನಾನು ಇಷ್ಟು ಹೇಳಿದ್ದೇ ತಪ್ಪಾಯಿತು.

"ಶಮೀವೃಕ್ಷವಾ!" ಎಂದು ಭಾವ ಬೇಲಿ ಹಿಡಿದು ನಿಂತರು. "ಪಾಂಡವರು ಆಯುಧ ಕಟ್ಟಿದ್ದು?"

"ಅದು ವಿರಾಟನಗರದಲ್ಲಿ, ಭಾವ."

"ವಿರಾಟನಗರ ಎಲ್ಲಿ ಅಂತ ಯಾರು ನೋಡಿದ್ದಾರೆ?"

ಅಕ್ಕ ಡಬ್ಬಿಯ ಮುಚ್ಚಳ ತೆಗೆದಳು. ನಾನು ಮಾತು ನಿಲ್ಲಿಸಿದೆ.

ಮೈಸೂರಿಗೆ ಬಂದು ಕೆಲವು ದಿನಗಳಾಗಿದ್ದವು, ಭಾವನ ಫೋನು ಬಂತು. ಅವರ ತಮ್ಮ, ತಮ್ಮನ ಹೆಂಡತಿ, ಅವಳ ಅಪ್ಪ ಮೂವರೂ ಊರಿನಿಂದ ಬರುವವರಿದ್ದರು. ಈ ಸಲ ಮಾಲ್ ಇಲ್ಲ, ಸೇತುವೆ ಇಲ್ಲ, ಎಲ್ಲವನ್ನೂ ತಾವೇ ತೋರಿಸುವುದೆಂದು ತೀರ್ಮಾನವಾಗಿತ್ತು. ಬೆಳಿಗ್ಗೆ ಎಂಟೂವರೆಗೆ ಹೊರಟು ಒಂದು ಗಂಟೆಗೆ ಊಟಕ್ಕೆ ಮನೆ.

"ಒಂದು ಹೇಳು. ಆ ಕೋಟೆಯ ತಳದ್ದು ಎಷ್ಟು ವರ್ಷ ಆಯ್ತು ಅಂತ?"

"ನಾಲ್ಕು ಸಾವಿರದ ಮುನ್ನೂರು, ಹತ್ತಿರ ಹತ್ತಿರ."

"ಐದು ಸಾವಿರ ಅಂತೇನೆ" ಎಂದರು. "ಮಾವ ದೂರದಿಂದ ಬರ್ತಿದ್ದಾರೆ."